ಹಿಂದಿನ ಚಕ್ರದ ಮುನ್ನಡೆ

ಕುಮಟೆಯ ಗುಡ್ಡದಿಂದ ಕಡಲಿನತ್ತ ಇಳಿಯುವ ಕಾಡುದಾರಿಯಲ್ಲಿ ಸೈಕಲ್ಲಿನ ಹಿಂದಿನ ಚಕ್ರ ಒಳಗೊಳಗೇ ಕುದಿಯುತ್ತಿತ್ತು. ಪೆಡಲಿನ ದುಡಿಮೆಯೆಲ್ಲ ತನ್ನದು, ಮುಂದೆ ಮೆರೆಯುವವನು ಮಾತ್ರ ಅಣ್ಣ.

"ಅಣ್ಣಾ, ಇವತ್ತು ಕಡಲನ್ನು ಮೊದಲು ನೋಡುವವನು ನಾನು," ಎಂದಿತು.

"ಜೋಡಿಸಿದವರು ನಿನ್ನನ್ನು ಹಿಂದೆ ಹಾಕಿದ್ದಾರೆ, ತಮ್ಮಾ. ಸುಮ್ಮನೆ ಬಾ," ಎಂದಿತು ಮುಂದಿನ ಚಕ್ರ.

ಹಿಂದಿನ ಚಕ್ರ ಅಣ್ಣನ ಬ್ರೇಕಿಗೆ ಪಿಸುಗುಟ್ಟಿತು: "ಕಡಿದಾದ ಇಳಿಜಾರಿನಲ್ಲಿ ಇವನನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದುಬಿಡು."

ಬ್ರೇಕು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು. ಸೈಕಲ್ಲು ಪಲ್ಟಿ ಹೊಡೆಯಿತು. ಹಿಂದಿನ ಚಕ್ರ ಅಣ್ಣನ ತಲೆಯ ಮೇಲಿಂದ ಹಾರಿ ಮುಂದೆ ಬಿತ್ತು. ಕೆಸರು ಮೆತ್ತಿದ ಬಾಯಲ್ಲೇ, "ಈಗ ಹೇಳು, ಯಾರು ಮುಂದೆ?" ಎಂದು ಬೀಗಿತು.

"ಸವಾರ," ಎಂದಿತು ಅಣ್ಣ. "ಅಗೋ, ಗೇರುಮರದ ಆಚೆಯ ಮುಳ್ಳುಪೊದೆಯಲ್ಲಿ ಅವನ ಕಾಲು ಕಾಣುತ್ತಿದೆ."