ಹೊಳೆ ದಾಟದ ಬೆಲ್ಲ

ಕೂತ್ಕೊಳ್ರೋ, ಸುಮ್ಮನೆ ಕೂತ್ಕೊಳ್ಳಿ. ಮಧ್ಯೆ ಗುಸುಗುಸು ಅಂದ್ರೆ ನಾನು ಎದ್ದು ಹೋಗ್ತೀನಿ, ಅಷ್ಟೇ.

ಬಿಳಿಗಲ್ಲು ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ, ಬೈಚರಾಜ ಅಂತ. ಅವನ ತಂಗಿ ಚನ್ನಾಜಿ ಹೊಳೆಯಾಚೆ ಊರಿಗೆ ರಾಣಿ. ನಡುವೆ ಒಂದು ಮರದ ಸೇತುವೆ. ಅಪ್ಪನ ಆನೆ ಯಾರಿಗೆ ಅಂತ ಇಬ್ಬರಿಗೂ ಜಗಳ ಆಯ್ತು. ಆನೆ ಪಾಪ ಮುದಿಯಾಗಿ ಸತ್ತೇಹೋಯ್ತು, ಜಗಳ ಸಾಯಲಿಲ್ಲ. ಇವಳ ಹೆಸರೆತ್ತಿದ್ರೆ ಅವನಿಗೆ ಕಹಿ, ಅವನ ಹೆಸರೆತ್ತಿದ್ರೆ ಇವಳಿಗೆ ಕಹಿ. ನಾಲಿಗೆ ಮೇಲಿನ ಕಹಿ ಅಲ್ಲ ಮಕ್ಳೇ, ಎದೆಯೊಳಗಿನದು. ಆದ್ರೂ ಹಬ್ಬದ ದಿನ ಒಬ್ಬರ ದಾರಿ ಒಬ್ಬರು ನೋಡ್ತಿದ್ರು.

ಆ ನಾಡಲ್ಲೊಂದು ಪದ್ಧತಿ. ಮುನಿಸಿಕೊಂಡವರಿಗೆ ಯುಗಾದಿ ದಿನ ಬಟ್ಟಲಲ್ಲಿ ಬೇವು-ಬೆಲ್ಲ ಕಳಿಸಬೇಕು. ಅವರು ತಿಂದರೆ ಜಗಳ ಮುಗೀತು. ರಾಜ ತಾನೇ ಹೋಗ್ತಾನಾ? ಅಯ್ಯೋ, ಅವನ ದೊಡ್ಡಸ್ತಿಕೆಯೇ! ಮಂತ್ರಿ ಗುಜ್ಜಪ್ಪನ ಕೈಲಿ ಕಳಿಸಿದ.

ಈ ಗುಜ್ಜಪ್ಪ ಮಹಾ ಕಿಲಾಡಿ. ಇಲ್ಲಿಯ ಚಾಡಿ ಅಲ್ಲಿ ಹೇಳಿ ಊಟ ಹೊಡೀತಿದ್ದ, ಅಲ್ಲಿಯ ಚಾಡಿ ಇಲ್ಲಿ ಹೇಳಿ ಶಾಲು ಹೊದೀತಿದ್ದ. ಅಣ್ಣ-ತಂಗಿ ಒಂದಾದ್ರೆ ಅವನ ಗತಿ? ಸೇತುವೆ ಮೇಲೆ ಬೆಲ್ಲದುಂಡೆಯನ್ನ ಗುಳುಂ ಮಾಡಿದ. ಬರೀ ಬೇವನ್ನ ರಾಣಿ ಮುಂದಿಟ್ಟು, "ನಿಮ್ಮಣ್ಣ ಕಳಿಸಿದ್ದು ಇಷ್ಟೇ ತಾಯಿ" ಅಂದ. ರಾಣಿ ಅತ್ತುಬಿಟ್ಟಳು. "ತಗೊಂಡು ಹೋಗಿ" ಅಂದಳು. ಗುಜ್ಜಪ್ಪ ಬರ್ತಾ ಬೇವನ್ನ ಹೊಳೆಗೆ ಸುರಿದು, ರಾಜನಿಗೆ ಖಾಲಿ ಬಟ್ಟಲು ತೋರಿಸಿ, "ಬೇವು-ಬೆಲ್ಲ ಎರಡನ್ನೂ ಹೊಳೆಗೆ ಚೆಲ್ಲಿಸಿಬಿಟ್ರು ಪ್ರಭು" ಅಂದ.

ಮರುವರ್ಷವೂ ಅದೇ ಬಟ್ಟಲು, ಅದೇ ಸೇತುವೆ, ಅದೇ ಗುಳುಂ. ರಾಜ ಕೆಂಡವಾದ. "ಬರೋ ಯುಗಾದಿಗೂ ಹಿಂಗೇ ಆದ್ರೆ ಸೇತುವೆ ಕಡಿಸಿಹಾಕ್ತೀನಿ! ನನಗೆ ತಂಗೀನೇ ಇಲ್ಲ!"

ಅಡಿಗೆಮನೆಯ ದೊಡ್ಡೀರವ್ವ ಈ ಮಾತು ಕೇಳಿಸಿಕೊಂಡಳು. ಇಬ್ಬರನ್ನೂ ಎತ್ತಿ ಆಡಿಸಿದವಳು ಅವಳು. ಗುಜ್ಜಪ್ಪನ ಶಾಲು ನೋಡಿದಳು. ಅಂಚಿಗೆ ಇರುವೆ ಮುತ್ತಿದ್ದವು. ಹೊಳೆ ಪಾಲಾದ ಬೆಲ್ಲಕ್ಕೆ ಶಾಲಿನ ಮೇಲೇನು ಕೆಲಸ?

ಮೂರನೇ ಯುಗಾದಿ ಬಂತು. ದೊಡ್ಡೀರವ್ವ ರಾಜನಿಗೆ ಎಲ್ಲ ಹೇಳಿ, ಬೆಲ್ಲದುಂಡೆಯ ಹೊಟ್ಟೆಯೊಳಗೆ ನೆಲಬೇವಿನ ಪುಡಿ ತುಂಬಿದಳು. ಜ್ವರ ಬಂದಾಗ ಕಷಾಯ ಕುಡಿಸ್ತಾರಲ್ಲ, ಅದೇ. ಅದರ ಮುಂದೆ ಬೇವೇ ಸಿಹಿ!

"ಅವ್ವಾ, ಇದನ್ನ ನನ್ನ ತಂಗಿ ತಿಂದ್ರೆ?" ಅಂದ ರಾಜ.

"ಅವಳ ತನಕ ಹೋದ್ರೆ ತಾನೇ ಬುದ್ಧೀ!"

"ಹೋದ್ರೆ ಗುಜ್ಜಪ್ಪ ಹೇಳಿದ್ದೇ ನಿಜ ಅಂತಾಯ್ತು, ಆಗ ಸೇತುವೆ ಉಳಿಯಲ್ಲ" ಅಂದು, ರಾಜ ಕೊಡಲಿಯವರನ್ನ ಕರಕೊಂಡು ಹೊಳೆದಂಡೆಗೆ ಹೋಗಿ ಕೂತ.

ಗುಜ್ಜಪ್ಪ ಸೇತುವೆ ಹತ್ತಿದ. ಆಚೆ ತುದಿಗೆ ಹೋಗಿ, ಬೆನ್ನು ತಿರುಗಿಸಿ, ಉಂಡೆ ಬಾಯಿಗೆ ಹಾಕ್ಕೊಂಡು ಕಟಕ್ಕನೆ ಕಚ್ಚಿದ. ಅಬ್ಬಬ್ಬಾ! ಮೂತಿ ಸೊಟ್ಟಗಾಯ್ತು, ಕಣ್ಣಲ್ಲಿ ಮೂಗಲ್ಲಿ ನೀರು. ಥೂ ಥೂ ಅಂತಾನೇ ರಾಣಿಯ ಅರಮನೆಗೆ ನುಗ್ಗಿದ.

"ಏನಾಯ್ತು ಮಂತ್ರಿಗಳೇ?" ಅಂದಳು ರಾಣಿ.

"ಮೋಸ ತಾಯಿ, ಥೂ! ಬೆಲ್ಲದುಂಡೆಯೊಳಗೆ ನೆಲಬೇವು ತುಂಬಿದ್ದಾರೆ!"

ರಾಣಿ ಎದ್ದು ನಿಂತಳು. "ಬೆಲ್ಲವಾ? ನನ್ನಣ್ಣ ಬೆಲ್ಲ ಕಳಿಸ್ತಿದ್ದನಾ?"

ಗುಜ್ಜಪ್ಪ ಬೇವಿನ ಬಟ್ಟಲು ಅಲ್ಲೇ ಬಿಟ್ಟ. ನೀರು ಕುಡಿದು ಬರ್ತೀನಿ ಅಂತ ಓಡಿದವನು ಮತ್ತೆ ಎರಡೂ ಊರಲ್ಲಿ ಕಾಣಲಿಲ್ಲ.

ಚನ್ನಾಜಿ ಪಲ್ಲಕ್ಕಿಗೂ ಕಾಯಲಿಲ್ಲ. ಬೇವಿನ ಬಟ್ಟಲು ಹಿಡಿದು ಬರಿಗಾಲಲ್ಲಿ ಸೇತುವೆ ಮೇಲೆ ಓಡಿಬಂದಳು. "ಅಣ್ಣಾ, ಬೇವು ತಂದಿದೀನಿ! ಬೆಲ್ಲ ಎಲ್ಲೋ?"

ಬೈಚರಾಜ ಕಿರೀಟ ಬಿದ್ದದ್ದೂ ನೋಡದೆ ಎದುರಿಗೆ ಓಡಿದ. ಹಿಂದಿನಿಂದ ದೊಡ್ಡೀರವ್ವ ಬೆಲ್ಲದಚ್ಚು ಹೊತ್ತು ಏದುಸಿರು ಬಿಡ್ತಾ ಬಂದಳು. ನಟ್ಟನಡುವೆ ನಿಂತು ಅಣ್ಣ-ತಂಗಿ ಒಂದೇ ಬಟ್ಟಲಲ್ಲಿ ಬೇವು-ಬೆಲ್ಲ ತಿಂದರು.

"ಈ ಸೇತುವೆ ಇಷ್ಟು ಗಿಡ್ಡ ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ" ಅಂದ ರಾಜ, ಕಣ್ಣೊರೆಸಿಕೊಳ್ತಾ.

ತಿಳೀತಾ? ನಾಲಿಗೆಯ ಕಹಿ ಒಂದು ಲೋಟ ನೀರಿಗೆ ಹೋಗುತ್ತೆ. ಮನಸ್ಸಿನ ಕಹಿ ಹೋಗಬೇಕಾದ್ರೆ ನಾವೇ ಎದ್ದು ಹೋಗಿ ಮಾತಾಡಬೇಕು, ನಡುವೆ ಇನ್ನೊಬ್ಬರನ್ನ ಬಿಡಬಾರದು. ಇದೇ ನೀತಿ. ಏಳಿ ಈಗ. ಬೆಳಗ್ಗೆಯಿಂದ ಮಾತು ಬಿಟ್ಟು ಕೂತಿರೋ ಇಬ್ಬರು ಯಾರು ಅಂತ ನನಗೆ ಗೊತ್ತು. ನನ್ನ ಕೈಲಿ ಹೇಳಿಕಳಿಸಬೇಡಿ, ನೀವೇ ಹೋಗಿ.