ರೂಟರ್ ಕಾಯುತ್ತಿದ್ದ ಕಸೂತಿ ಬಟ್ಟೆ

ಶಾಂತವ್ವ ತಾನೇ ಕಸೂತಿ ಹಾಕಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಧೂಳು ಕೂರದಿರಲೆಂದು ಇಂಟರ್ನೆಟ್ ರೂಟರಿಗೆ ಹೊದಿಸಿದ್ದಳು. ಅಂದಿನಿಂದ ಬಟ್ಟೆಗೆ ಆ ಕೋಣೆಯ ಯಜಮಾನಿಕೆಯೇ ತನ್ನದೆನಿಸಿತ್ತು.

ಒಂದು ಸಂಜೆ ಟಿವಿಯಲ್ಲಿ ಸಿನಿಮಾದ ನಾಯಕಿ ತಾಳಿಗೆ ಕೊರಳೊಡ್ಡುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತು, ಚಕ್ರವೊಂದು ಗಿರಗಿರ ತಿರುಗತೊಡಗಿತು.

"ನಾಳೆಯೂ ಹೀಗೇ ಆದರೆ ಈ ರೂಟರ್ ಗುಜರಿಗೆ!" ಎಂದು ಸಿಡುಕಿ ಶಾಂತವ್ವ ಎದ್ದು ಹೋದಳು.

ಬಟ್ಟೆ ಕೂತಲ್ಲಿಂದಲೇ ವಿಚಾರಣೆ ಶುರುಮಾಡಿತು. "ಟಿವಿಯವರೇ, ತಪ್ಪು ನಿಮ್ಮದೋ?"

"ಬಂದದ್ದನ್ನು ತೋರಿಸುವುದಷ್ಟೇ ನನ್ನ ಕೆಲಸ. ಏನೂ ಬರುತ್ತಿಲ್ಲ."

"ರಿಮೋಟ್, ನಿನ್ನದೋ?"

"ಆಗಲೇ ಶಾಂತವ್ವನವರ ಅಂಗೈಗೆ ಹತ್ತು ಸಲ ಬಡಿಸಿಕೊಂಡಿದ್ದೇನೆ, ತಾಯಿ. ಇನ್ನೇನು ಒಪ್ಪಿಕೊಳ್ಳಲಿ?"

ಅಡಿಯಿಂದ ರೂಟರ್ ಏದುಸಿರು ಬಿಟ್ಟಿತು. "ಅಮ್ಮಾ, ಮೈಯೆಲ್ಲ ಕಾದುಹೋಗಿದೆ. ನೀವು ಸ್ವಲ್ಪ ಸರಿದರೆ..."

"ಅಯ್ಯೋ, ಜ್ವರ! ಜ್ವರ ಬಂದವರ ಹೊದಿಕೆ ತೆಗೆಯುವುದುಂಟೇ?" ಎಂದು ಬಟ್ಟೆ ತನ್ನ ಅಂಚುಗಳನ್ನು ಇನ್ನಷ್ಟು ಕೆಳಗಿಳಿಸಿ ಬೆಚ್ಚಗೆ ಕೂತಿತು.

ಮರುದಿನ ಶಾಂತವ್ವನಿಗೆ ಬಟ್ಟೆಯ ಮೇಲೊಂದು ಚಹಾದ ಕಲೆ ಕಂಡಿತು. ಒಗೆದು ಅಂಗಳದ ತಂತಿಗೆ ಹಾಕಿದಳು. ಬಟ್ಟೆ ನೀರು ತೊಟ್ಟಿಕ್ಕಿಸುತ್ತ ಕಿಟಕಿಯಿಂದ ಇಣುಕಿತು. ಒಳಗೆ ಟಿವಿಯಲ್ಲಿ ಮದುವೆ ಒಮ್ಮೆಯೂ ನಿಲ್ಲದೆ ಸಾಂಗವಾಗಿ ನಡೆಯುತ್ತಿತ್ತು.

"ನೋಡಿದೆಯಾ?" ಎಂದು ಅದು ಪಕ್ಕದ ಟವೆಲ್ಲಿಗೆ ಹೇಳಿತು. "ನಿನ್ನೆ ನಾನು ಗದರಿಸಿದ್ದಕ್ಕೆ ಇವತ್ತು ಎಲ್ಲರೂ ನೆಟ್ಟಗಾಗಿದ್ದಾರೆ. ಒಣಗಿದ ಕೂಡಲೇ ಹೋಗಿ ಕೂರಬೇಕಪ್ಪ, ಇಲ್ಲದಿದ್ದರೆ ಮತ್ತೆ ಹದಗೆಟ್ಟುಬಿಡುತ್ತಾರೆ."