ಫೋಟೋದಲ್ಲಿಲ್ಲದ ಊಟ

ಮಲಪ್ರಭೆಯ ದಂಡೆ ಮೇಲೆ ಒಂದು ಆಶ್ರಮ. ಪಥ್ಯ, ಯೋಗ ಕಲಿಸುವ ಜಾಗ. ನಡೆಸುವವರು ವಯಸ್ಸಾದ ಹೆಣ್ಣುಮಗಳು. ಎಲ್ಲರ ಬಾಯಲ್ಲೂ ಅವರು ಅವ್ವಾರು.

ಅಲ್ಲೇ ಕಲಿತ ಶಿವಲೀಲಾ ಈಗ ಹುಬ್ಬಳ್ಳಿಯಲ್ಲಿ ಕೂತು, ಫೋನಿನಲ್ಲೇ ತೂಕ ಇಳಿಸುವ ಕ್ಲಾಸು ನಡೆಸುತ್ತಾಳೆ. ಬಲು ಚುರುಕು ಹುಡುಗಿ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಅವತ್ತು ಮುಂಜಾನೆ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಶುರು ಮಾಡಿದಳು.

“ಅವ್ವಾರ, ಒಬ್ಬಾಕಿನ್ನ ಕ್ಲಾಸಿಂದ ತೆಗೀಬೇಕಂತ ಮಾಡೇನ್ರಿ. ನಿಮಗೊಂದ್ ಮಾತು ಹೇಳಿ ತೆಗೀತೀನಿ.”

ಅವ್ವಾರು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. “ಯಾಕವ್ವ, ಏನ್ ಮಾಡ್ಯಾಳ?”

“ಸುಳ್ಳು ಹೇಳ್ತಾಳ್ರಿ. ಉಣ್ಣೂ ಮೊದಲ ತಾಟಿನ ಫೋಟೋ ಕಳಸಬೇಕು, ಅದು ನಮ್ಮ ಕ್ಲಾಸಿನ ಪದ್ಧತಿ. ಈಕಿ ಮಹಾನಂದಾ ಅಂತ, ಗದಗಿನಾಕಿ. ಒಂದು ರೊಟ್ಟಿ, ಪಲ್ಯ, ಸೌತಿಕಾಯಿ, ಮಜ್ಜಿಗಿ. ದಿನಾ ಅಷ್ಟ. ಆದ್ರ ತೂಕ ಇಳಿಯೂದ್ ಬಿಟ್ಟು ಏರಾಕತ್ತೈತಿ! ಗಾಳಿ ಕುಡದು ಯಾರರ ದಪ್ಪ ಆಗ್ತಾರೇನ್ರಿ?”

“ಆಕೀನ್ನ ಕೇಳಿದೇನು?”

“ಕೇಳಿದೆ. ‘ನಾ ಉಣ್ಣೂದ ಇಷ್ಟರಿ ಮೇಡಂ, ನನ್ನ ಮಕ್ಕಳಾಣಿ’ ಅಂದ್ಲು. ನನಗೂ ತಲಿ ಕೆಡ್ತು. ಸುಳ್ಳು ಹೇಳೋರ ಮೊಣಕಾಲು ದೇವರೂ ನೆಟ್ಟಗ ಮಾಡಂಗಿಲ್ಲ ಅಂತ ಎಲ್ಲಾರ ಮುಂದ ಅಂದುಬಿಟ್ಟೆ.”

ಸೊಪ್ಪು ಬಿಡಿಸುವ ಕೈ ನಿಂತಿತು.

“ಮೊಣಕಾಲಿಗೇನಾಗೈತಿ ಆಕಿಗೆ?”

“ಸವದಾವ್ರಿ. ಗ್ವಾಡಿ ಹಿಡದು ನಡೀತಾಳ. ತೂಕ ಇಳಿಸೂ ತನಕ ಆಪರೇಷನ್ ಆಗಂಗಿಲ್ಲ ಅಂದಾರ ಡಾಕ್ಟರು.” ಶಿವಲೀಲಾಳ ದನಿ ತುಸು ಇಳಿಯಿತು. “ನಾ ಹಂಗ ಅಂದಾಗಿಂದ ಕ್ಯಾಮೆರಾನ ಚಾಲೂ ಮಾಡವಲ್ಲಳು. ಬರೇ ಕರೀ ಪರದೆ. ಆದ್ರೂ ಕ್ಲಾಸು ತಪ್ಪಸಂಗಿಲ್ಲ, ಫೋಟೋ ತಪ್ಪಸಂಗಿಲ್ಲ.”

“ಹ್ಞೂಂ. ಉಂಡ ಮ್ಯಾಲೆ ಮಾತಾಡೂಣು. ಇವತ್ತ ಅಡಗಿಮನಿ ನಿಂದು. ಬಡಿಸೂದು, ತೊಳಿಯೂದು, ಎಲ್ಲಾ.”

ಮಧ್ಯಾಹ್ನ ಪಂಕ್ತಿಗೆಲ್ಲ ಬಡಿಸಿ, ಕೊನೆಗೆ ಶಿವಲೀಲಾ ತನ್ನ ತಾಟು ಹಚ್ಚಿಕೊಂಡಳು. ಫೋಟೋ ತೆಗೆದು ಕ್ಲಾಸಿಗೆ ಕಳಿಸಿದಳು. ಪದ್ಧತಿ ಅಂದರೆ ಅವಳಿಗೂ ಪದ್ಧತಿಯೇ. ಉಂಡು ಕೈ ತೊಳೆದು ಪಾತ್ರೆಗಳ ಹತ್ತಿರ ಬಂದಳು.

ಅವ್ವಾರು ಬಾಗಿಲಲ್ಲಿ ನಿಂತಿದ್ದರು.

“ಅನ್ನ ಸಾರು ಎರಡು ತುತ್ತು ಉಳದೈತಿ ನೋಡವ್ವ. ಚೆಲ್ಲಬ್ಯಾಡ.”

ಗುರುಗಳ ಮಾತು. ನಿಂತಲ್ಲೇ ಬಾಯಿಗೆ ಹಾಕಿಕೊಂಡಳು.

“ಆ ಅರ್ಧ ರೊಟ್ಟಿ ಸಂಜಿತನಕ ಸೆಟೀತೈತಿ.”

ಅದನ್ನೂ ತಿಂದಳು.

“ಹುಗ್ಗಿ ಬೋಗುಣಿ ತಳದಾಗ ಒಂದೀಟು ಐತಿ. ತುಪ್ಪ ಹಾಕಿದ್ದು, ನೀರಿಗೆ ಹಾಕಿದ್ರ ಹೊಟ್ಟಿ ಉರೀತೈತಿ.”

ಬೆರಳಲ್ಲಿ ಬಳಿದು ಅದನ್ನೂ ಮುಗಿಸಿದಳು. ಹೊಟ್ಟೆ ಬಿಗಿಯಾಗಿತ್ತು.

“ಇದರ ಫೋಟೋ ಕಳಿಸಿದೇನು?” ಅಂದರು ಅವ್ವಾರು.

“ಇದರದೇನ್ ಫೋಟೋರಿ! ಇದೇನ್ ನನ್ನ ಊಟೇನು? ಚೆಲ್ಲಬಾರದಂತ ಸುಮ್ಮನ...”

ಅವಳು ತನ್ನ ಬೆರಳು ನೋಡಿಕೊಂಡಳು. ಬೋಗುಣಿ ಕೈಯಲ್ಲೇ ಇತ್ತು.

ಅವ್ವಾರು ಒಳಗೆ ಹೋದರು.

ಶಿವಲೀಲಾ ನದಿಯ ಮೆಟ್ಟಿಲ ಮೇಲೆ ಕೂತು ಮಹಾನಂದಾಗೆ ಫೋನು ಹಚ್ಚಿದಳು.

“ಅಕ್ಕಾರ, ನಿಮ್ಮನ್ಯಾಗ ಎಲ್ಲಾರದೂ ಊಟ ಆದ ಮ್ಯಾಲೆ, ಉಳದದ್ದು ಏನ್ ಮಾಡ್ತೀರಿ?”

“ಏನ್ ಮಾಡೂದ್ರಿ ಮೇಡಂ? ಹುಡುಗ್ರು ಬಿಟ್ಟದ್ದು, ಅವರಪ್ಪ ಬಿಟ್ಟದ್ದು, ಅತ್ತಿಯಾರಿಗೆ ಹೆಚ್ಚಾದದ್ದು. ಬಾಯಾಗ ಹಾಕ್ಕೊಂಡು ಬೋಗುಣಿ ತೊಳದಿಡ್ತೀನಿ. ಅನ್ನ ಚೆಲ್ಲಬಾರದಲ್ರಿ.”

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

“ಮೇಡಂ... ಅದೂ ಊಟದಾಗ ಬರ್ತೈತೇನ್ರಿ?”

ಶಿವಲೀಲಾ ಕೂತಲ್ಲಿಂದ ಎದ್ದಳು. “ನಂದು ತಪ್ಪಾತ್ರಿ ಅಕ್ಕಾರ. ನೀವು ಸುಳ್ಳು ಹೇಳಿದಾಕಿ ಅಲ್ಲ. ಎಲ್ಲಾರ ಮುಂದ ಅಂದೀನಿ, ಎಲ್ಲಾರ ಮುಂದನ ತಪ್ಪಾತು ಅಂತೀನಿ.”

ಫೋನಿನಲ್ಲಿ ಮೂಗು ಎಳೆದುಕೊಂಡ ಸದ್ದು ಬಂತು. ಅಷ್ಟೇ.

ಶಿವಲೀಲಾ ಓಡಿ ಬಂದಳು. “ಅವ್ವಾರ, ತಿಳೀತ್ರಿ! ನಾಳಿಂದ ಉಳದದ್ದರದೂ ಫೋಟೋ ಕಳಸಂತ ಆಕಿಗೆ ಹೇಳ್ತೀನಿ.”

ಅವ್ವಾರು ಹಣೆ ಬಡಿದುಕೊಂಡು ನಕ್ಕರು. “ಅಯ್ಯ ಹುಚ್ಚಿ, ಇನ್ನೂ ಫೋಟೋ ಬಿಡವಲ್ಲೀ? ಒಂದ್ ಹೇಳು. ಆಕಿ ಉಣ್ಣೂ ಮುಂದ ಆಕಿ ಜೋಡಿ ಯಾರ್ ಕುಂದರ್ತಾರ?”

ಶಿವಲೀಲಾ ಯೋಚಿಸಿದಳು. ಮಹಾನಂದಾ ಕಳಿಸಿದ ಫೋಟೋಗಳಲ್ಲೆಲ್ಲ ತಾಟು ಇದ್ದದ್ದು ಒಲೆಕಟ್ಟೆಯ ಮೇಲೆ. ಪಕ್ಕದಲ್ಲಿ ಇನ್ನೊಂದು ತಾಟು ಕಂಡ ನೆನಪೇ ಇರಲಿಲ್ಲ.

“ಯಾರೂ ಇಲ್ರಿ,” ಅಂದಳು.

“ಸಂಜಿಗೆ ಫೋನ್ ಹಚ್ಚು. ಮುಖಾ ಕಾಣೂ ಹಂಗ ಹಚ್ಚು.”

ಅವ್ವಾರು ಹೊತ್ತು ಮುಳುಗುವುದರೊಳಗೆ ಉಣ್ಣುವವರು. ಎಂದೂ ತಪ್ಪಿಸಿದವರಲ್ಲ. ಅವತ್ತು ಹೊತ್ತು ಮುಳುಗಿತು, ದೀಪ ಹಚ್ಚಿದ್ದಾಯಿತು. ಎರಡು ತಾಟು ಮುಚ್ಚಿಟ್ಟುಕೊಂಡು ಗುರು ಶಿಷ್ಯೆ ಕೂತರು. ಎದುರಿಗೆ ನೀರಿನ ತಂಬಿಗೆಗೆ ಫೋನು ಆನಿಸಿಟ್ಟರು.

ಮಹಾನಂದಾ ಕರೆ ಎತ್ತಿದಳು. ಪರದೆ ಕಪ್ಪಗೇ ಇತ್ತು.

“ಊಟಕ್ಕ ಕೂಡ್ರಿ ಅಕ್ಕಾರ,” ಅಂದಳು ಶಿವಲೀಲಾ.

“ಅಯ್ಯ, ಇನ್ನೂ ಯಾರದೂ ಆಗಿಲ್ರಿ. ಎಲ್ಲಾರದೂ ಆಗಲಿ, ಆಮ್ಯಾಲೆ ನಂದು. ನೀವು ಉಣ್ರಿ ಮೇಡಂ.”

“ನಮ್ಮ ಅವ್ವಾರೂ ಉಂಡಿಲ್ರಿ. ನಿಮ್ಮ ಸಲುವಾಗಿ ಕುಂತಾರ.”

“ನನ್ನ ಸಲುವಾಗಿ?”

ಪರದೆ ಬೆಳಗಿತು; ಆಕೆಯೂ ಫೋನು ಎದುರಿಗೆ ಆನಿಸಿಟ್ಟಿದ್ದಳು. ದುಂಡು ಮುಖ, ಬೆವರಿದ ಹಣೆ, ಹಿಂದೆ ಒಲೆ. ಒಂದು ಕೈ ಗೋಡೆ ಹಿಡಿದಿತ್ತು, ಇನ್ನೊಂದರಲ್ಲಿ ಮಕ್ಕಳಿಗೆ ಬಡಿಸುವ ಸೌಟು. ಆಕೆ ಆ ಮುಚ್ಚಿದ ತಾಟುಗಳನ್ನು ನೋಡಿದಳು. ಕಣ್ಣು ತುಂಬಿ ಬಂದವು.

“ಯಾರರ ನನ್ನ ದಾರಿ ಕಾಯ್ತಾರೇನ್ರಿ, ಊಟಕ್ಕ?”

ಅವ್ವಾರು ಫೋನಿನ ಹತ್ತಿರ ಸರಿದು ಕೂತರು.

“ಹೊಟ್ಟಿ ಭಾಳ ಹಸದೈತಿ ತಂಗಿ. ಸೌಟು ಅಲ್ಲಿಟ್ಟು ಲಗೂನ ನಿನ್ನ ತಾಟು ತಗೊಂಡು ಬಾ.”